ನೆನೆಹಾಕಿದ ನೆನಪುಗಳು

ನನ್ನ ಗಂಡ ಹೆಂಡತಿಯ ಹಿಂದೆ ಹಿಂದೆ ಸುತ್ತುವ ಪೈಕಿಯವರಲ್ಲ. ಮದುವೆಯಾದ ಹೊಸತರಲ್ಲೇ ಸುತ್ತಲಿಲ್ಲ, ಈಗ ಮಂಡಿನೋವು ಬೇರೆ. ಅಂಥವರು ಒಂದು ಬೆಳಿಗ್ಗೆ ಮನೆಯಿಂದ ಸ್ಟೇಷನರಿ ಅಂಗಡಿಯವರೆಗೂ ನನ್ನ ಹಿಂದೆಯೇ ಬಂದರು. ಹಿಂದೆ ಎಂದರೆ ತೀರಾ ಹಿಂದೆ. ಅಂಟಿಕೊಂಡೇ ಬಂದರು ಎಂದರೂ ತಪ್ಪಿಲ್ಲ.

ನನಗೆ ಅದರ ಪತ್ತೆಯೇ ಇರಲಿಲ್ಲ. ಬೀದಿಯಲ್ಲಿ ಎದುರಾದವರು ಗಂಭೀರವಾಗಿ ತಲೆಯಾಡಿಸಿ, ನನ್ನನ್ನು ದಾಟಿದ ಮೇಲೆ ಕೆಮ್ಮುತ್ತಿದ್ದರು. (ಎಲ್ಲರಿಗೂ ಒಟ್ಟಿಗೇ ನೆಗಡಿ ಬಂದಿದೆ ಅಂದುಕೊಂಡೆ.) ಅಂಗಡಿಯಲ್ಲಿ ದಪ್ಪ ಹಾಳೆ ಕೇಳಿ, ಹಿಂದಿನ ಗೂಡಿನಲ್ಲಿದ್ದ ಬಣ್ಣದ ಪೆಟ್ಟಿಗೆ ತೋರಿಸಲು ತಿರುಗಿದೆ. ಅಂಗಡಿಯವರು ಕನ್ನಡಕ ಸರಿಮಾಡಿಕೊಂಡರು.

"ಮೇಡಂ, ಯಜಮಾನ್ರೂ ಬಂದಿದಾರೆ."

"ಎಲ್ಲಿ?" ಬಾಗಿಲ ಕಡೆ ನೋಡಿದೆ.

"ಅಲ್ಲಲ್ಲ, ಇಲ್ಲೇ... ನೀವು ಮಾತ್ರ ಕೂತ್ಕೋಬೇಡಿ. ಪಾಪ, ಅವರಿಗೆ ನೋವಾಗತ್ತೆ."

ಕೈ ಹಿಂದೆ ಹಾಕಿ ಕಿತ್ತು ತೆಗೆದೆ. ನನ್ನ ಗಂಡ! ಹರೆಯದ ಗಂಡ, ಹೊಸ ಸೈಕಲ್ಲಿನ ಮೇಲೆ ಒಂದು ಕಾಲೂರಿ, ಹೊರೆಗಟ್ಟಲೆ ಮೀಸೆ ಹೊತ್ತು, ಜಗತ್ತನ್ನೇ ಗೆದ್ದವರಂತೆ ನಗುತ್ತಿರುವ ಫೋಟೋ. ನಾನು ಕೈಯಾರೆ ಮಾಡುತ್ತಿದ್ದ ಒಂದು ಪುಸ್ತಕಕ್ಕೆ ಅಂಟಿಸಲೆಂದು ಬೆನ್ನಿಗೆ ಗೋಂದು ಹಚ್ಚಿ ಕುರ್ಚಿಯ ಮೇಲಿಟ್ಟಿದ್ದೆ. ಆಮೇಲೆ ಅದೇ ಕುರ್ಚಿಯ ಮೇಲೆ ಕೂತು, ಏನೇನು ಕೊಳ್ಳಬೇಕು ಎಂದು ನಿಧಾನವಾಗಿ ಯೋಚಿಸಿದ್ದೆ. ಗಂಡಹೆಂಡಿರು ಅಂಟಿಕೊಂಡಿರಬೇಕು ನಿಜ, ಆದರೆ ಪೇಟೆಬೀದಿಯಲ್ಲಿ ಇಷ್ಟೊಂದಲ್ಲ.

ಇದಕ್ಕೆಲ್ಲ ಮೂಲ ನನ್ನ ಬೀಗಿತಿಯ ಹಲ್ಲು.

ಬೀಗಿತಿ ಎಂದರೆ ನನ್ನ ಸೊಸೆಯ ತಾಯಿ. ಬಹಳ ಒಳ್ಳೆಯವರು. (ಅದೇ ತೊಂದರೆ. ಕೆಟ್ಟವರಾಗಿದ್ದರೆ ಹೊಟ್ಟೆಕಿಚ್ಚು ಪಡಲು ಎಷ್ಟು ಅನುಕೂಲವಾಗುತ್ತಿತ್ತು!) ಅವರು ಹಾಡುವುದಿಲ್ಲ, ಕಥೆ ಹೇಳುವುದಿಲ್ಲ, ಹೆಚ್ಚು ಹೊತ್ತು ಎಚ್ಚರವಾಗಿಯೂ ಇರುವುದಿಲ್ಲ, ಸೋಫಾದಲ್ಲಿ ಕೂತು ತೂಕಡಿಸುತ್ತಾರೆ. ಆದರೆ ಅವರಿಗೆ ಕಟ್ಟಿಸಿದ ಹಲ್ಲಿನ ಸೆಟ್ಟಿದೆ. ನಮ್ಮ ಎಂಟು ವರ್ಷದ ಮೊಮ್ಮಗಳು ಕೇಳಿದಾಗಲೆಲ್ಲ ನಾಲಿಗೆಯಿಂದ ಒಮ್ಮೆ ತಳ್ಳಿ, ಮೇಲಿನ ಸಾಲನ್ನು ಇಡಿಯಾಗಿ ತುಟಿಯಾಚೆ ತಂದು, ಕಟಕಟ ಎನ್ನಿಸಿ ಒಳಗೆಳೆದುಕೊಳ್ಳುತ್ತಾರೆ. ಇದೊಂದೇ ಅವರ ವಿದ್ಯೆ. ಇದಕ್ಕೆ ಮೊಮ್ಮಗಳು ಅವರಿಗೆ ಬಿರುದು ದಯಪಾಲಿಸಿದ್ದಾಳೆ: ಹಲ್ಲಜ್ಜಿ. (ಬೆಳಿಗ್ಗೆ ಅವಳಮ್ಮ "ಹಲ್ಲುಜ್ಜಿ ಬಾ" ಎಂದರೆ ಇವಳು ಫೋನ್ ಎತ್ತಿಕೊಂಡು "ಹಲ್ಲಜ್ಜಿ, ಬಾ" ಎನ್ನುತ್ತಾಳೆ.)

ಒಂದು ದಿನ ತಡೆಯಲಾರದೆ ಕೇಳಿದ್ದೆ. "ಅವರು ಹಲ್ಲಜ್ಜಿ. ಹಾಗಾದ್ರೆ ನಾನು ಯಾವ ಅಜ್ಜಿ, ಪುಟ್ಟಾ?"

"ನೀನಾ?" ಎಂದು ಒಂದು ಗಳಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಬರೀ ಅಜ್ಜಿ" ಎಂದಳು.

ಬರೀ ಅಜ್ಜಿ! ಉಪ್ಪಿಲ್ಲದ, ಖಾರವಿಲ್ಲದ, ಒಂದು ವಿಶೇಷಣಕ್ಕೂ ಗತಿಯಿಲ್ಲದ ಒಣ ನಾಮಪದ! ನನ್ನ ಹಲ್ಲೆಲ್ಲ ಗಟ್ಟಿಯಾಗಿ ಬಾಯಲ್ಲೇ ಇರುವುದಕ್ಕೆ ಮೊದಲ ಸಲ ಬೇಸರವಾಯಿತು. ನಾನು ಹೋದ ಮೇಲೆ ಈ ಮಕ್ಕಳು ನನ್ನನ್ನು ಯಾವುದರಿಂದ ನೆನೆಯಬೇಕು? ಎರಡು ದಿನ ಇದೇ ಕೊರಗಿನಲ್ಲಿದ್ದೆ. ಮೂರನೆಯ ದಿನ ಪಾತ್ರೆ ತೊಳೆಯುವಾಗ ಜ್ಞಾನೋದಯವಾಯಿತು. ಮಗು ಹೇಳಿದ್ದರಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ, ಅಷ್ಟೇ. "ಬರೀ, ಅಜ್ಜಿ!" ಆಹಾ, ಅದು ಅಪ್ಪಣೆ!

ಹಾಗೆ ಶುರುವಾಯಿತು ನನ್ನ ನೆನಪಿನ ಪುಸ್ತಕ. ಎಲ್ಲ ಕೈಯಾರೆ ಮಾಡಬೇಕು: ಬರವಣಿಗೆ, ಚಿತ್ರ, ಹೊಲಿಗೆ. ನನ್ನ ಬಾಲ್ಯ, ಶಾಲೆ, ಮದುವೆ, ಹೀಗೆ ಜೀವನವೆಂಬ ಮಹಾಯಾನವೆಲ್ಲ ಮೊಮ್ಮಕ್ಕಳಿಬ್ಬರ ಕೈಗೆ. (ಎರಡನೆಯವನಿಗೆ ಇನ್ನೂ ವರ್ಷ ತುಂಬಿಲ್ಲ. ಸದ್ಯಕ್ಕೆ ಅವನು ಸಾಹಿತ್ಯವನ್ನು ಜಗಿದೇ ಸವಿಯುತ್ತಾನೆ.)

ಚಿತ್ರದ ವಿಷಯದಲ್ಲಿ ನನಗೆ ಭ್ರಮೆಗಳೇನಿರಲಿಲ್ಲ. ಕಾನ್ವೆಂಟಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಸಿಸ್ಟರ್ ನನ್ನ ತಲೆ ಸವರಿ, "ದೇವರು ನಿನಗೆ ಬೇರೆ ಏನಾದರೂ ಕೊಟ್ಟಿರುತ್ತಾನೆ, ಮಗೂ" ಎಂದಿದ್ದರು. ಆದರೂ ನಾನು ಚಿಕ್ಕಂದಿನಲ್ಲಿ ಸಾಕಿದ್ದ ಬೆಕ್ಕನ್ನು ಮೂರು ಬಣ್ಣದಲ್ಲಿ ಬಿಡಿಸಿದೆ. ಗಂಡ ಹಿಂದಿನಿಂದ ಇಣುಕಿದರು.

"ಚೆನ್ನಾಗಿದೆ. ಟೀ ಕೆಟಲ್‌ಗೆ ಮೀಸೆ ಯಾಕೆ?"

ನನ್ನ ಗಂಡ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿ ನಿವೃತ್ತರಾದವರು. ಅವರಿಗೆ ನಿವೃತ್ತಿಯಾಯಿತೇ ಹೊರತು ಅವರ ಕೆಂಪು ಪೆನ್ನಿಗೆ ಆಗಲಿಲ್ಲ. ಔಷಧದ ಚೀಟಿ ತಿದ್ದುತ್ತಾರೆ. ಮದುವೆಯ ಆಮಂತ್ರಣ ತಂದವರು ಬಾಗಿಲಲ್ಲಿರುವಾಗಲೇ ತಿದ್ದಿ ಕೈಗೆ ವಾಪಸು ಕೊಡುತ್ತಾರೆ. ನಾನೋ ಕಾನ್ವೆಂಟಿನವಳು. ಅಲ್ಲಿ ಕನ್ನಡ ಮಾತಾಡಿದರೆ ದಂಡ ಕಟ್ಟಬೇಕಿತ್ತು, ಹಾಗಾಗಿ ನನ್ನ ಕನ್ನಡ ಕದ್ದು ಕಲಿತದ್ದು. ಕದ್ದ ಮಾಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಹೆಚ್ಚುಕಡಿಮೆಯಾಗಿದ್ದರೆ ಆಶ್ಚರ್ಯವೇನು?

"'ಶಾಲೆಯಲ್ಲಿ ನಾನು ಗಾಣದಲ್ಲಿ ಮೊದಲ ಬಹುಮಾನ ಪಡೆದೆ,'" ಎಂದು ಅವರು ಗಟ್ಟಿಯಾಗಿ ಓದಿದರು. "ಹೌದೇನೇ?"

"ಹೌದು. ಯಾಕೆ, ನಂಬಿಕೆ ಇಲ್ವಾ?"

"ನಂಬ್ತೀನಿ. ಎರಡನೇ ಬಹುಮಾನ ಯಾವ ಎತ್ತಿಗೆ ಬಂತು?"

'ಗಾನ' ಎಂದು ಬರೆಯಬೇಕಿತ್ತಂತೆ.

"ಒಂದು ಣಕಾರಕ್ಕೆ ಇಷ್ಟು ಅಹಂಕಾರ ಬೇಡ."

"ಬರೀ ಣಕಾರ ಅಲ್ಲ ಮಾರಾಯ್ತಿ. ಮಹಾಪ್ರಾಣ ಎಲ್ಲಾ ಬಿಟ್ಟುಹೋಗಿದೆ. ಇಲ್ಲಿ ನೋಡು. ಇಲ್ಲಿ. ಇಲ್ಲೂ."

"ರೀ, ಅಲ್ಪಪ್ರಾಣಾನೋ ಮಹಾಪ್ರಾಣಾನೋ ಯಾವುದು ಬೇಕಾದ್ರೂ ಸೇರಿಸ್ಕೊಳ್ಳಿ. ನನ್ನ ಪ್ರಾಣ ಮಾತ್ರ ತಿನ್ಬೇಡಿ!"

ಹೀಗೆ ಕಚ್ಚಾಡುತ್ತಲೇ ಬಾಲ್ಯ ಮುಗಿಯಿತು, ಶಾಲೆ ಮುಗಿಯಿತು, ಮದುವೆಯೂ ಆಗಿಹೋಯಿತು. ಬರೆದ ಹಾಳೆಗಳನ್ನೆಲ್ಲ ಎರಡು ರಟ್ಟುಗಳ ನಡುವೆ ಇಟ್ಟು, ರಿಬ್ಬನ್ ಕಟ್ಟಿ ಮೇಜಿನ ಮೇಲೆ ಇರಿಸಿದೆ. ಇನ್ನು ಸಂಸಾರದ ಅಧ್ಯಾಯ ಬಾಕಿ. ಅದಕ್ಕೆ ಖಾಲಿ ಹಾಳೆಗಳನ್ನು ಪಕ್ಕದಲ್ಲೇ ಜೋಡಿಸಿದೆ. ಭಾನುವಾರ ಮೊಮ್ಮಗಳ ಹುಟ್ಟಿದ ದಿನ. ಅಂದು ಎಲ್ಲರೂ ನಮ್ಮಲ್ಲಿಗೇ ಬರುವವರಿದ್ದರು, ಹಲ್ಲಜ್ಜಿಯೂ ಸೇರಿ. ಅಷ್ಟರೊಳಗೆ ಪುಸ್ತಕ ಆಗಬೇಕು.

ಆಗ ಯಾವುದೋ ವಿಡಿಯೋದಲ್ಲಿ ಒಬ್ಬಾಕೆ ಹೇಳಿದಳು: ಹಾಳೆಗಳನ್ನು ಟೀ ಡಿಕಾಕ್ಷನ್ನಿನಲ್ಲಿ ನೆನೆಸಿ ಒಣಗಿಸಿದರೆ ನೂರು ವರ್ಷದ ಹಳೆಯ ಕಳೆ ಬರುತ್ತದಂತೆ. (ನನಗೆ ಆ ಕಳೆ ಟೀ ಇಲ್ಲದೆಯೇ ಬಂದಿದೆ.) ತಡಮಾಡದೆ ದೊಡ್ಡ ಪಾತ್ರೆ ತುಂಬ ಡಿಕಾಕ್ಷನ್ ಕಾಯಿಸಿಟ್ಟೆ. ಅದು ಆರುವ ಹೊತ್ತಿಗೆ ಹೊಲಿಗೆಗೆ ದಪ್ಪ ದಾರ ತರೋಣವೆಂದು ಹೊರಟು, ಚಪ್ಪಲಿ ಮೆಟ್ಟಿ ಬಾಗಿಲಿನಿಂದಲೇ ಕೂಗಿದೆ.

"ರೀ, ಡಿಕಾಕ್ಷನ್ ಆರಿದ ಮೇಲೆ ಟಬ್ಬಿಗೆ ಸುರಿದು ಹಾಳೆ ನೆನೆಸಿಬಿಡಿ!"

"ಮೇಜಿನ ಮೇಲಿರೋದೆಲ್ಲಾನೂನಾ?"

"ಅಯ್ಯೋ, ಎಲ್ಲಾ ಅಲ್ರೀ! ಬರೀ ಹಾಳೆ!"

"ಬರೀ ಹಾಳೆ?"

"ಹೂಂ, ಬರೀ ಹಾಳೆ!"

ದಾರ ಕೊಂಡು ವಾಪಸು ಬರುವಾಗ ದೂರದಿಂದಲೇ ನಮ್ಮ ಬಾಲ್ಕನಿ ಕಂಡಿತು. ಬಟ್ಟೆ ಒಣಹಾಕುವ ತಂತಿಯ ಮೇಲೆ ನನ್ನ ಬಾಲ್ಯ ನೇತಾಡುತ್ತಿತ್ತು. ಒಂದೊಂದು ವಯಸ್ಸಿಗೂ ಒಂದೊಂದು ಕ್ಲಿಪ್ಪು. ಬೆಕ್ಕು ಕರಗಿ ನೀರಾಗಿ ಹಾಳೆಯಂಚಿಗೆ ಹರಿದಿತ್ತು. ಗಾನದ ಬಹುಮಾನ ಕಂದು ಕೊಳದಲ್ಲಿ ಮುಳುಗಿತ್ತು. ಮದುವೆಯ ಪುಟದಿಂದ ನೀಲಿ ಶಾಯಿ ತೊಟತೊಟ ಎಂದು ಕೆಳಮನೆಯವರ ಬಿಳಿ ಹೊದಿಕೆಯ ಮೇಲೆ ಬೀಳುತ್ತಿತ್ತು.

"ರೀ! ಏನು ಮಾಡಿದ್ರಿ ಇದು!"

"ನೀನು ಹೇಳಿದ ಹಾಗೇ," ಎಂದರು ಗಂಡ, ತೋಳು ಮಡಿಚಿ, ಅಂಗೈ ಕಂದಾಗಿ, ಕೆಲಸ ಮುಗಿಸಿದ ತೃಪ್ತಿಯಲ್ಲಿ. "ರಟ್ಟು, ರಿಬ್ಬನ್ ಎಲ್ಲಾ ಬಿಚ್ಚಿಟ್ಟು ಬರೀ ಹಾಳೆ ನೆನೆಸಿದೀನಿ. ರಟ್ಟಿಗೆ ಒಂದು ಹನಿ ತಾಗಿಲ್ಲ, ಬೇಕಾದ್ರೆ ಮುಟ್ಟಿ ನೋಡು."

"ಬರೀ ಹಾಳೆ ಅಂದ್ರೆ ಖಾಲಿ ಹಾಳೆ! ಏನೂ ಬರೀದೇ ಇರೋ ಹಾಳೆ!"

"ಖಾಲಿ ಹಾಳೆಗೆ ಖಾಲಿ ಹಾಳೆ ಅನ್ಬೇಕು. 'ಬರೀ' ಅಂದ್ರೆ 'ಕೇವಲ' ಅಂತಾನೂ ಆಗತ್ತೆ. ಅದಕ್ಕೇ ನಾನು ಇನ್ನೊಂದು ಸಲ ಕೇಳಿದ್ದು."

"ನಾನೂ ಇನ್ನೊಂದು ಸಲ ಹೇಳಿದ್ನಲ್ಲ!"

"ಹೇಳ್ದೆ. ಅದೇ ತಪ್ಪನ್ನ ಹೇಳ್ದೆ."

ಮೊಮ್ಮಕ್ಕಳು ನನ್ನನ್ನು ನೆನೆಯಲಿ ಎಂದು ಪುಸ್ತಕ ಮಾಡಿದೆ, ಪುಸ್ತಕವೇ ನೆನೆಯಿತು. ಖಾಲಿ ಹಾಳೆಗಳನ್ನೂ ನೆನೆಸಿದ್ದರು. ಅವು ಮಾತ್ರ ನೂರು ವರ್ಷದ ಕಳೆ ಹೊತ್ತು ಬಹಳ ಚೆಂದ ಕಾಣುತ್ತಿದ್ದವು. ನಾನು ಸ್ಟೂಲಿನ ಮೇಲೆ ಕೂತು ಅತ್ತೆ. ತಮಾಷೆಗಲ್ಲ, ನಿಜವಾಗಿಯೇ ಅತ್ತೆ. ಭಾನುವಾರ ಬಂದುಬಿಡುತ್ತದೆ, ಬೀಗಿತಿ ಸೋಫಾದಲ್ಲಿ ಕೂತು ಕಟಕಟ ಎನ್ನಿಸುತ್ತಾರೆ, ನಾನು ಬರೀ ಅಜ್ಜಿಯಾಗಿಯೇ ಉಳಿಯುತ್ತೇನೆ.

ಗಂಡ ಅಂಗೈ ಒರೆಸಿಕೊಂಡರು. ಆಮೇಲೆ "ಇನ್ನೂ ಅತ್ರೆ ಇನ್ನೂ ನೆನೆಯತ್ತೆ. ಏಳು" ಎಂದು ಇಸ್ತ್ರಿಪೆಟ್ಟಿಗೆ ತಂದರು.

ಮೊದಲು ಕೆಳಮನೆಗೆ ಹೋಗಿ ಹೊದಿಕೆಗೆ ಕ್ಷಮೆ ಕೇಳಿ ಬಂದರು. ಆಮೇಲೆ ನನ್ನ ಬಾಲ್ಯಕ್ಕೆ ತೆಳು ಬಟ್ಟೆ ಹೊದಿಸಿ ಒಂದೊಂದೇ ಪುಟ ಇಸ್ತ್ರಿ ಮಾಡಿದರು. ಅಳಿಸಿಹೋದ ಸಾಲುಗಳ ಮೇಲೆ ನಾನು ಮತ್ತೆ ಬರೆದೆ, ಖಾಲಿ ಹಾಳೆಗಳಲ್ಲಿ ಸಂಸಾರವನ್ನೂ ಮುಗಿಸಿದೆ. ಕಾಗುಣಿತದಲ್ಲಿ ಸಿಕ್ಕಿಕೊಂಡಾಗ ಅವರು ಪಕ್ಕದಿಂದ ಮೆಲ್ಲಗೆ ಹೇಳಿಕೊಟ್ಟರು. ಕೆಂಪು ಪೆನ್ನು ಜೇಬಿನಿಂದ ಹೊರಗೇ ಬರಲಿಲ್ಲ. (ಮದುವೆಯಾದಂದಿನಿಂದ ನನಗಾಗಿ ಅವರು ಮಾಡಿದ ಅತಿ ದೊಡ್ಡ ತ್ಯಾಗ ಇದೇ ಇರಬೇಕು.) ಇನ್ನು ಚಿತ್ರಗಳು. ಹರಿದು ಹಬ್ಬಿದ ಬಣ್ಣದ ಸುತ್ತ ಸುಮ್ಮನೆ ಒಂದು ಗೆರೆ ಎಳೆದು ಎರಡು ಕಣ್ಣಿಟ್ಟೆ. ಅರೆ, ಬೆಕ್ಕು! ಮೈಮುರಿಯುತ್ತಿರುವ ನಿಜವಾದ ಬೆಕ್ಕು! ಇನ್ನೊಂದು ಕಲೆಗೆ ಕಿಟಕಿ ಇಟ್ಟರೆ ಶಾಲೆಯಾಯಿತು. ಟೀಯ ಕಲೆಯೇ ನನ್ನ ಕಲೆಯಾಯಿತು. ಆ ಸಿಸ್ಟರ್ ಕಂಡಿದ್ದರೆ ಮಾತು ವಾಪಸು ತೆಗೆದುಕೊಳ್ಳುತ್ತಿದ್ದರು.

ಭಾನುವಾರ ಮೊಮ್ಮಗಳು ಪುಸ್ತಕ ಹಿಡಿದು ನೆಲದ ಮೇಲೆ ಕೂತವಳು ತಲೆಯೆತ್ತಲಿಲ್ಲ. ತಮ್ಮ ಬಂದು ಒಂದು ಮೂಲೆಯನ್ನು ಸವಿದು ಹೋದ, ಅದಕ್ಕೂ ಜಗಳವಾಡಲಿಲ್ಲ. "ಅಜ್ಜಿ, ಬೆಕ್ಕಿಗೆ ನಿಜವಾಗ್ಲೂ ಹೀಗೇ ಆರು ಕಾಲಿತ್ತಾ?" ಎಂದು ಕಣ್ಣರಳಿಸಿ ಕೇಳಿದಳು. ಬೀಗಿತಿ ಸೋಫಾದಿಂದ ಒಮ್ಮೆ ಮೆಲ್ಲಗೆ ಹಲ್ಲು ಹೊರಗೆ ತಂದರು. ಯಾರೂ ನೋಡಲಿಲ್ಲ. ಅವರೇ ಒಳಗೆಳೆದುಕೊಂಡು, "ಎಷ್ಟು ಚೆನ್ನಾಗಿ ಮಾಡಿದೀರ್ರೀ! ನನಗೆ ಇಂಥಾದ್ದೆಲ್ಲ ಬರೋದೇ ಇಲ್ಲ" ಎಂದರು, ಮನಸಾರೆ.

ನಾನೂ ಅವರಿಗೆ ಬೀಗಿತಿಯೇ ತಾನೇ? ಆ ಒಂದು ಮಧ್ಯಾಹ್ನ ಆ ಪದಕ್ಕೆ ಸಂಪೂರ್ಣ ನ್ಯಾಯ ಒದಗಿಸಿದೆ. ಬೀಗಿದೆ, ಬೀಗಿದೆ, ಕುರ್ಚಿ ಸಾಲದಷ್ಟು ಬೀಗಿದೆ.

ಕೆಲವು ವಾರಗಳ ನಂತರ ಮಗನ ಮನೆಗೆ ಹೋದಾಗ ಸೊಸೆ ಬಾಗಿಲಲ್ಲೇ ಹೇಳಿದಳು: "ಅತ್ತೆ, ನಿಮ್ಮ ಪುಸ್ತಕ ನೋಡಿ ಇವಳೂ ಒಂದು ಮಾಡ್ತಿದಾಳೆ. ತನ್ನ ಮೊಮ್ಮಕ್ಕಳಿಗಂತೆ!"

ನಾನು ಹಚ್ಚಿದ ದೀಪ! ಇನ್ನೂ ಹುಟ್ಟದ, ಅವರ ಅಪ್ಪ ಅಮ್ಮಂದಿರೂ ಹುಟ್ಟದ ಮಕ್ಕಳು ನನ್ನನ್ನು ನೆನೆಯಲಿದ್ದಾರೆ! ಮೊಮ್ಮಗಳು ಮೇಜಿಗೆ ಒರಗಿ ಬಣ್ಣ ತುಂಬುತ್ತಿದ್ದಳು. ಮುಗಿದ ಹಾಳೆಗಳನ್ನು ತೆಗೆದುಕೊಂಡು ಭಕ್ತಿಯಿಂದ ತಿರುವಿದೆ. ಮೊದಲು ಅವಳಪ್ಪ, ರಿಮೋಟ್ ಎದೆಯ ಮೇಲಿಟ್ಟು ಗೊರಕೆ ಹೊಡೆಯುತ್ತಿದ್ದಾನೆ. ಆಮೇಲೆ ಅಮ್ಮ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಾಚಣಿಗೆ. ತಮ್ಮ. ಕೆಂಪು ಪೆನ್ನಿನ ಅಜ್ಜ. ಆಮೇಲೆ ಹಲ್ಲಜ್ಜಿ: ಹಲ್ಲು ಬಾಯಲ್ಲಿ, ಹಲ್ಲು ಲೋಟದಲ್ಲಿ, ಹಲ್ಲು ಸೋಫಾದ ಸಂದಿಯಲ್ಲಿ ಕಳೆದುಹೋದ ಕಥೆ, ಸಿಕ್ಕಿದ ಕಥೆ. ಪುಟದ ಮೇಲೆ ಪುಟ ತಿರುವಿದೆ. ಹಾಳೆಗಳು ಮುಗಿದವು. ಎರಡು ಪುಟ ಅಂಟಿಕೊಂಡಿದ್ದವು. ಅಬ್ಬ, ಇಲ್ಲಿದ್ದೇನೆ ಎಂದು ಜೋಪಾನವಾಗಿ ಬಿಡಿಸಿ ನೋಡಿದೆ. ಒಳಗೆ ಗೋಂದಿತ್ತು.

"ಪುಟ್ಟಾ," ಎಂದೆ, ಆದಷ್ಟು ಹಗುರಾದ ದನಿಯಲ್ಲಿ. "ಇದರಲ್ಲಿ ಈ ಅಜ್ಜಿ ಎಲ್ಲಿ?"

ಅವಳು ತಲೆಯೆತ್ತಲಿಲ್ಲ. ಒಂದು ಹಲ್ಲಿಗೆ ಎಚ್ಚರಿಕೆಯಿಂದ ಬಿಳಿ ಬಣ್ಣ ಬಳಿಯುತ್ತಲೇ ಹೇಳಿದಳು:

"ನಿನ್ನ ಬಗ್ಗೆ ನೀನೇ ಅಷ್ಟೊಂದು ಬರ್ಕೊಂಡಿದೀಯಲ್ಲ, ಅಜ್ಜಿ. ಹಲ್ಲಜ್ಜಿ ಬಗ್ಗೆ ಪಾಪ, ಯಾರೂ ಬರ್ದೇ ಇಲ್ಲ."