ಹೆದರತಕ್ಕ ಬಾತುಕೋಳಿ

ಅನ್ಯಗ್ರಹದ ರಾಕ್ಷಸರು ಬಾತುಕೋಳಿಯ ಆಕಾರದಲ್ಲಿಯೇ ಇರತಕ್ಕದ್ದೆಂದು ನಮ್ಮ ಸಂಸ್ಥೆಯು ಸರ್ವಾನುಮತದಿಂದ ತೀರ್ಮಾನಿಸಿದೆ. ಇದಕ್ಕೆ ವೈಜ್ಞಾನಿಕ ಕಾರಣವಿದೆ. ಹೋದ ವರ್ಷ ನಾವು ಹೊರತಂದ ಮಕ್ಕಳ ಕೆರೆಯಾಟ ನೆಲಕಚ್ಚಿ, ಗೋದಾಮಿನ ತುಂಬ ಪ್ಲಾಸ್ಟಿಕ್ ಬಾತುಕೋಳಿಗಳು ಉಳಿದುಬಿಟ್ಟಿವೆ.

ಈ ಸಲದ್ದು ದೊಡ್ಡವರು ಮೇಜಿನ ಸುತ್ತ ಕೂತು ಆಡುವ ಬಾಹ್ಯಾಕಾಶದ ಆಟ. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಗಗನಯಾತ್ರಿಗಳಾಗಿ ದಾಳ ಉರುಳಿಸಿ ಜೀವ ಉಳಿಸಿಕೊಳ್ಳುತ್ತಾರೆ. ಅದಕ್ಕೊಂದು ಪುರವಣಿ ಪುಸ್ತಕ ಬರುವುದಿತ್ತು, ಬರೀ ರಾಕ್ಷಸರದ್ದು, ಜೊತೆಗೆ ಮೇಜಿನ ಮೇಲಿಡಲು ಅವರ ಗೊಂಬೆಗಳು. ಅವರನ್ನು ರೂಪಿಸುವ ಕೆಲಸ ನಮ್ಮ ಚಿತ್ರಗಾರ್ತಿಯದು. ಆಕೆ ಒಂದೇ ರಾಕ್ಷಸನ ಬೆನ್ನು ಹತ್ತಿ ವರ್ಷಗಟ್ಟಲೆ ಕೂತಿದ್ದಳು. ಅದಕ್ಕೆ ಕಣ್ಣಿಲ್ಲ, ಬಾಯಿಲ್ಲ. ಕತ್ತಲಲ್ಲಿ ನಿಂತು ನಿಮ್ಮ ಉಸಿರು ಕೇಳಿಸಿಕೊಳ್ಳುತ್ತದೆ, ಅಷ್ಟೇ. ಅವಳ ಅತ್ತೆ ಆ ಚಿತ್ರವನ್ನು ಗೋಡೆಗೆ ಮುಖ ಮಾಡಿಸಿಟ್ಟು, "ಇದಿರೋ ಕೋಣೇಲಿ ನಾನು ಉಸಿರಾಡಲ್ಲ ಕಣೇ" ಅಂದಿದ್ದರು. ಸೊಸೆಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ. ಅದೊಂದು ಪುಸ್ತಕದಲ್ಲಿ ಬಂದರೆ ಸಾಕು ಅನ್ನುತ್ತಿದ್ದಳು.

ವ್ಯವಸ್ಥಾಪಕರು ಚಿತ್ರವನ್ನು ಮನಸಾರೆ ಮೆಚ್ಚಿದರು.

"ಅದ್ಭುತವಾಗಿದೆ. ಕೊಕ್ಕು ಎಲ್ಲಿ?"

"ಇದಕ್ಕೆ ಬಾಯೇ ಇಲ್ಲ ಸರ್."

"ಬಾಯಿ ಬೇಡಮ್ಮ. ನಾನು ಕೇಳಿದ್ದು ಕೊಕ್ಕು."

ಮಾತಿಗೆ ಮಾತು ಬೆಳೆದು ಕೊನೆಗೆ ರಾಜಿಯಾಯಿತು. ನಿಶ್ಶಬ್ದಾಸುರ ಎಂಬ ಹೆಸರು ಅವಳದು, ಆಕಾರ ಗೋದಾಮಿನದು. ಬಾಹ್ಯಾಕಾಶದ್ದೆಂದು ಗೊತ್ತಾಗಲು ನೇರಳೆ ಬಣ್ಣ ಬಳಿಯಲಾಯಿತು. ಅಗ್ನಿಗ್ರಹದ ಭಕ್ಷಕನಿಗೆ ಕೆಂಪು. ಹಿಮಗ್ರಹದ ಸಂಹಾರಿಣಿಗೆ ಬಿಳಿ. ಬಾತುಕೋಳಿಗಳು ಮೊದಲೇ ಬಿಳಿ ಇದ್ದುದರಿಂದ ಸಂಹಾರಿಣಿ ಲೆಕ್ಕವಿಭಾಗಕ್ಕೆ ಅಚ್ಚುಮೆಚ್ಚು.

ಪರೀಕ್ಷೆಯ ಆಟಕ್ಕೆ ಕರೆಸಿದವರು ನಿಶ್ಶಬ್ದಾಸುರನನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಅದನ್ನು ಒತ್ತಿ ನೋಡಿದ. ಅದು ಪೀಂ ಅಂದಿತು. ಚಿತ್ರಗಾರ್ತಿ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನನಗೂ ತುಂಬ ಬೇಜಾರಾಯಿತು. ಆದರೆ ನನ್ನ ಕೆಲಸ ಆಟದ ನಿಯಮ ಬರೆಯುವುದು, ಬರೆದೆ:

"ರಾಕ್ಷಸನು ಪ್ರತ್ಯಕ್ಷನಾದ ಕೂಡಲೇ ಆಟಗಾರರು ಎದೆಯ ಮೇಲೆ ಕೈಯಿಟ್ಟು ಹೆದರತಕ್ಕದ್ದು. ನಕ್ಕವರನ್ನು ಮೃತರೆಂದು ಪರಿಗಣಿಸಲಾಗುವುದು. ಪೀಂ ಎಂಬುದನ್ನು ಘರ್ಜನೆಯೆಂದು ಓದಿಕೊಳ್ಳತಕ್ಕದ್ದು."

ಪುಸ್ತಕ ಚೆನ್ನಾಗಿಯೇ ಹೋಯಿತು. ದುಡ್ಡು ಕೊಟ್ಟವರು ಹೆದರುವುದನ್ನು ಬೇಗ ರೂಢಿಸಿಕೊಂಡರು. ಒಂದು ಪತ್ರಿಕೆಯಂತೂ ಭಯಕ್ಕೆ ಕೊನೆಗೂ ಶಿಸ್ತು ಬಂತೆಂದು ಹೊಗಳಿತು.

ಮೊದಲ ಪ್ರತಿಯನ್ನು ನಾನೇ ಚಿತ್ರಗಾರ್ತಿಯ ಮನೆಗೆ ಒಯ್ದಿದ್ದೆ. ಆಡಲು ಅತ್ತೆಯೂ ಕೂತರು. ನಾನು ಕಥೆ ಹೇಳುತ್ತ ಹೇಳುತ್ತ ನೇರಳೆ ಬಾತುಕೋಳಿಯನ್ನು ಮೇಜಿನ ನಡುವೆ ಇಟ್ಟೆ. ಅತ್ತೆ ನಿಯಮ ಓದಿಕೊಂಡು ಎದೆಯ ಮೇಲೆ ಕೈಯಿಟ್ಟರು.

"ಹೆದರಿದ್ದಾಯ್ತಪ್ಪ. ಮುಂದೆ?"

ಚಿತ್ರಗಾರ್ತಿ ಅತ್ತೆಯನ್ನೇ ನೋಡುತ್ತಿದ್ದಳು. ಅತ್ತೆ ಆರಾಮವಾಗಿ ಉಸಿರಾಡುತ್ತಿದ್ದರು.

"ನಿನ್ನ ಸರದಿ ಕಣೇ" ಎಂದು ಅತ್ತೆಯೇ ನೆನಪಿಸಿದರು. ಸೊಸೆ ಎದೆಯ ಮೇಲೆ ಕೈಯಿಟ್ಟು, ನಿಯಮದ ಪ್ರಕಾರ ಹೆದರಿ, ದಾಳ ಉರುಳಿಸಿದಳು.