ಗ್ವಾಡಿ ಮ್ಯಾಲಿನ ಕೌದಿಗೆ ಹಸಿವಾಗಿತ್ತು

ಖರ್ಚಿಲ್ಲದಂಗ ಮನಿ ಹೆಂಗ ಚಂದ ಮಾಡಬೇಕು ಅನ್ನೂ ವಿಷಯದಾಗ ತೊಂಬತ್ತೆಂಟನೇ ಇಸವಿ ಹೊತ್ತಿಗೆ ಇಡೀ ಬೈಲಹೊಂಗಲದಾಗ ನನ್ನಷ್ಟು ತಿಳಕೊಂಡಾಕಿ ಇನ್ನೊಬ್ಬಾಕಿ ಇರಲಿಲ್ಲ. ಇದು ನನ್ನ ಸ್ವಂತ ಅಭಿಪ್ರಾಯ. ಬ್ಯಾರೇದವರ ಅಭಿಪ್ರಾಯ ನಾ ಕೇಳಿರಲಿಲ್ಲ.

ಒಡದ ಗಾಜಿನ ಬಳಿ ಚೂರು ಮೇಣಬತ್ತಿಗೆ ಹಿಡದು ಬಾಗಿಸಿ, ಒಂದಕ್ಕೊಂದು ಕೊಂಡಿ ಹಾಕಿ ಬಾಗಲಕ್ಕ ತೋರಣಾ ಮಾಡಿದ್ನಿ. ಖಾಲಿ ಎಣ್ಣಿ ಡಬ್ಬಿಗೆ ಹಳದಿ ಬಣ್ಣಾ ಬಳದು ತುಳಸಿ ಹಚ್ಚಿದ್ನಿ. ಹಳೀ ಲಗ್ನಪತ್ರಿಕಾ ಕತ್ತರಿಸಿ ಹದಿನೆಂಟು ಗಿಳಿ ಮಾಡಿ ಫ್ಯಾನಿಗೆ ಕಟ್ಟಿದ್ನಿ. ಮದ್ಲನೇ ಸಲ ಫ್ಯಾನ್ ಹಚ್ಚಿದಾಗ ಹದಿನೆಂಟೂ ಹಾರಿ ನಮ್ಮನಿಯವರ ಸಾರಿನ ತಾಟಿನಾಗ ಇಳದ್ವು. ನಮ್ಮನಿಯವರು ಹೈಸ್ಕೂಲಿನಾಗ ವಿಜ್ಞಾನದ ಮಾಸ್ತರ. ಗಿಳಿ ಯಾಕ ಹಾರಿದ್ವು ಅನ್ನೂದನ್ನ ಊಟಾ ಮುಗಿಯೂತನಕ ನನಗ ತಿಳಿಸಿ ಹೇಳಿದ್ರು.

ಇಷ್ಟೆಲ್ಲಾ ಮಾಡಿದ್ರೂ ಪಡಸಾಲಿ ಪಡವಣ ದಿಕ್ಕಿನ ಗ್ವಾಡಿ ಮಾತ್ರ ನನ್ನ ಕೈಗೆ ಸಿಕ್ಕಿರಲಿಲ್ಲ. ಮಳಿಗಾಲ ಬಂದ್ರ ಅದು ಸೋರತಿತ್ತು. ಬ್ಯಾಸಿಗ್ಯಾಗ ಒಣಗಿದ್ರೂ ಹಳದಿ ಕಲೆ ಉಳೀತಿತ್ತು. ಆ ಕಲೆ ಬರೇ ಕಲೆಯಾಗಿದ್ರ ನಡೀತಿತ್ತು. ಅದು ಒಬ್ಬ ಹೆಣ್ಣುಮಗಳು ಮೊಣಕಾಲು ಮಡಚಿ, ತಲಿ ಬಗ್ಗಿಸಿ ಕುಂತಂಗ ಕಾಣತಿತ್ತು. ಗಾರೆಯವರು ಎರಡು ಸಲ ಬಂದು ಸಿಮೆಂಟ್ ಬಳದು ಹೋದ್ರು. ಮುಂದಿನ ಮಳಿಗೆ ಆಕಿ ತಿರುಗಿ ಬಂದು ಅದಽ ಜಾಗಾದಾಗ ಕುಂತ್ಲು. ಮನಿಗೆ ಬಂದವರು ಚಾ ಕುಡಿಯೂಮುಂದ ಆ ಗ್ವಾಡಿಗೆ ಬೆನ್ನು ಕೊಟ್ಟು ಕುಂಡರತಿರಲಿಲ್ಲ.

ಅಂಥಾದ್ರಾಗ ನಮ್ಮ ಅತ್ತಿ ದೊಡವಾಡದಿಂದ ಮದ್ಲನೇ ಸಲ ಈ ಮನಿ ನೋಡಾಕ ಬರೋರಿದ್ರು. ನಮ್ಮ ಅತ್ತಿ ಹಳೀ ಸೀರಿ ತುಂಡು ಕೂಡಿಸಿ ಕೌದಿ ಹೊಲಿಯೂದ್ರಾಗ ಹೆಸರು ಮಾಡಿದಾಕಿ. ಅವರ ಕೌದಿಗೆ ಮ್ಯಾಲ ಯಾವುದು, ಕೆಳಗ ಯಾವುದು ಅಂತ ಗೊತ್ತಾಗೂದಿಲ್ಲ, ಅಷ್ಟು ಸಮಾ ಹೊಲಿಗಿ. ನಾ ಮದಿವಿಯಾಗಿ ಹೋದ ವರ್ಷ ಅವರನ್ನ ಖುಷಿ ಮಾಡಬೇಕಂತ ಒಂದು ಕೌದಿ ಹೊಲದು ಮುಂದ ಇಟ್ನಿ. ಅತ್ತಿ ಅದನ್ನ ಅಂಗಳಕ್ಕ ಒಯ್ದು, ಕುಂತು, ಒಂದೊಂದಾಗಿ ಎಲ್ಲಾ ಹೊಲಿಗಿ ಬಿಚ್ಚಿದ್ರು. ದಾರಾ ಕಡ್ಡಿಗೆ ಸುತ್ತಿದ್ರು. ಅರಬಿ ಮಡಚಿ ನನ್ನ ಕೈಯಾಗ ಕೊಟ್ರು. ಒಂದು ಮಾತು ಬೈಲಿಲ್ಲ. ಬೈದಿದ್ರ ನಾ ಎರಡು ದಿನ ಅತ್ತು ಮರೀತಿದ್ನಿ. ಬೈಲಿಲ್ಲಂತ ಹನ್ನೊಂದು ವರ್ಷ ನೆನಪಿಟ್ನಿ. ಅವರ ಬಾಯಾಗಿಂದ ನನ್ನ ಕೈಕೆಲಸಕ್ಕ ಒಮ್ಮೆ, ಒಂದಽ ಒಂದು ಸಲ, ಚಲೋ ಅನ್ನೂ ಮಾತು ಬರಬೇಕು. ನನಗ ಬೇಕಾಗಿದ್ದು ಇಷ್ಟು.

ಹಿಂಗಾಗಿ ಒಂದಽ ಕೆಲಸದಾಗ ಎರಡು ಕಾರ್ಯ ಸಾಧಿಸೂ ಮಹಾಯೋಜನಾ ತಯಾರಾತು. ಕಲೆ ಮುಚ್ಚುವಷ್ಟು ದೊಡ್ಡದೊಂದು ಬಣ್ಣದ ಕೌದಿ ಹೊಲದು ಗ್ವಾಡಿಗೆ ತೂಗುಹಾಕೂದು! ನೀಲಿ ಚಾದರ, ಹಸರು ಸೀರಿ, ಹಳದಿ ಪರದೆ, ನಮ್ಮನಿಯವರ ಎರಡು ಚೌಕಡಿ ಅಂಗಿ ಎಲ್ಲಾ ಕತ್ತರಿಗೆ ಬಲಿಯಾದ್ವು. ನಡುವ ಒಂದು ಹೆಣ್ಣಿನ ಚಿತ್ರ ಇರಬೇಕು ಅಂತ ನನ್ನ ಆಸೆ. ಆದ್ರ ನನಗ ಚಿತ್ರಾ ತಗ್ಯಾಕ ಬರೂದಿಲ್ಲ. ಅದಕ್ಕ ಒಂದು ಉಪಾಯ ಮಾಡಿದ್ನಿ. ಗ್ವಾಡಿಗೆ ಪೇಪರ್ ಹಚ್ಚಿ, ಆ ಕಲೆದ ಅಳತಿನಽ ಪೆನ್ಸಿಲಿನಿಂದ ತಗೊಂಡ್ನಿ. ಅದಽ ತಲಿ, ಅದಽ ಬೆನ್ನು, ಅದಽ ಮಡಚಿದ ಮೊಣಕಾಲು. ಎಷ್ಟು ಶಾಣ್ಯಾಕಿ ನಾನು ಅಂತ ನನಗಽ ಹೆಮ್ಮಿ ಆತು.

ಕೌದಿಗೆ ಮೈತುಂಬ ಸಾಲುಸಾಲಾಗಿ ಹೊಲಿಗಿ ಬೀಳಬೇಕು. ನಾ ಆ ಹೆಣ್ಣಿನ ಸುತ್ತ ಅಷ್ಟಽ ಹೊಲದು, ಒಳಗ ಕಲಾ ದೃಷ್ಟಿಯಿಂದ ಹಂಗಽ ಬಿಟ್ನಿ. ಕಲಾ ದೃಷ್ಟಿ ಅಂದ್ರ ಬೆರಳು ನೋಯಾಕ ಹತ್ತಿದ್ವು. ಹಿಂಗಾಗಿ ಆಕಿ ಒಳಗ ಚೀಲದಂಗ ಪೊಳ್ಳಾಗಿ ಉಳದ್ಲು. ಕಣ್ಣಿಗೆ ನಮ್ಮನಿಯವರ ಲಗ್ನದ ಕೋಟಿನ ಎರಡು ಕರೀ ಗುಂಡಿ ಹಚ್ಚಿದ್ನಿ. ಬಾಯಿಗೆ ಸೀರಿ ಒಳಗ ಉಡೂ ಕೆಂಪು ಪರಕಾರದ ಒಂದು ಪಟ್ಟಿ. ಅಷ್ಟೊತ್ತಿಗೆ ದಾರಾ ತೀರಿದ್ದಕ್ಕ ಬಾಯಿಗೆ ನಾಕು ಸಡಲ ಹೊಲಿಗಿ ಹಾಕಿ ಬಿಟ್ನಿ. ಮೂರು ತಿಂಗಳ ಕೆಲಸ ಮುಗೀತು.

ಬಾಜೂ ಮನಿ ನೀಲವ್ವಾಯಿ ದಿನಾ ಮುಂಜಾನೆ ನಮ್ಮ ಹಿತ್ತಲಕ್ಕ ಹೂವು ಹರಿಯಾಕ ಬಂದು, ಪಡಸಾಲ್ಯಾಗ ಕುಂತು ಚಾ ಕುಡದು ಹೋಗತಿದ್ಲು. ಎಪ್ಪತ್ತು ದಾಟಿದಾಕಿ. ಕೌದಿ ನೋಡಿ ಚಂದ ಐತಿ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

"ಊಟಕ್ಕ ಏನು ಇಟ್ಟೀಯವ್ವಾ ಇದಕ್ಕ?" ಅಂತ ಕೇಳಿದ್ಲು.

ನನಗ ನೆನಪಾತು. ಕೌದಿ ಹೊಲದು ಮುಗಸೂಮುಂದ ಕಡೀ ಹೊಲಿಗಿ ಹಾಕೂಕಿಂತ ಮದ್ಲ ಒಳಗ ಒಂದು ತುಣುಕು ರೊಟ್ಟಿನೋ ಹೋಳಿಗಿನೋ ಇಡತಾರ. ಕೌದಿ ಹಸದು ಇರಬಾರದಂತ ನಮ್ಮ ಕಡೆ ರೂಢಿ. ಇದು ಹೊದಿಯೂ ಕೌದಿ ಅಲ್ಲ, ಬರೇ ನೋಡೂ ಕೌದಿ, ಇದಕ್ಕೆಂಥಾ ಹಸಿವು ಅಂತ ನಾ ನಕ್ಕೊಂತ ಹೇಳಿದ್ನಿ.

"ಹಸದ ಕೌದಿ ಹೊದ್ದವರನ್ನ ತಿಂತೈತಿ ಅಂತಾರ," ನೀಲವ್ವಾಯಿ ಚಾದ ಬಟ್ಟಲಾ ಕೆಳಗಿಟ್ಲು. "ಇದು ನೋಡಿದವರನ್ನ ತಿಂತೈತಿ, ಅಷ್ಟಽ."

ನಮ್ಮನಿಯವರು ಒಳಗಿಂದ ಬಂದು, ಅರಬಿಗೆ ಜಠರ ಇರೂದಿಲ್ಲ, ಜಠರ ಇಲ್ಲದ ಮ್ಯಾಲ ಹಸಿವು ಅನ್ನೂ ಪ್ರಶ್ನೆನಽ ಉದ್ಭವಿಸೂದಿಲ್ಲ ಅಂತ ವಿವರಿಸಿದ್ರು. ನಾ ವಿಜ್ಞಾನದ ಪರವಾಗಿ ನಿಂತ್ನಿ. ಅವರು ಸಾಲಿಗೆ ಹೋದ ಮ್ಯಾಲ, ನೀಲವ್ವಾಯಿ ಮನಿಗೆ ಹೋದ ಮ್ಯಾಲ, ಅಡಗಿ ಮನ್ಯಾಗ ಹೋಗಿ ಒಂದು ಮುಷ್ಟಿ ಮಡಕಿ ಕಾಳು ತಂದ್ನಿ. ರೊಟ್ಟಿ ಇಟ್ರ ಇರಬಿ ಬರತಾವು, ಒಣ ಕಾಳು ಕೆಡೂದಿಲ್ಲ. ವಿಜ್ಞಾನದ ಮಾಸ್ತರನ ಹೆಂಡತಿ ಅಲ್ಲೇನು ನಾನು? ಸಡಲ ಹೊಲಿಗಿ ಸಂದಿನಾಗಿಂದ ಆಕಿ ಬಾಯಿಗೆ ಹಾಕಿದ್ನಿ. ಕಾಳು ಸರ್ ಅಂತ ಗಂಟಲಾಗ ಇಳದು ಹೊಟ್ಟ್ಯಾಗ ಬಿದ್ದ ಸಪ್ಪಳ ಕೇಳಿತು. ಆ ಸಪ್ಪಳ ನನಗ ಚಲೋ ಅನಸಲಿಲ್ಲ. ಯಾರಿಗೂ ಹೇಳಲಿಲ್ಲ.

ಕೌದಿ ಗ್ವಾಡಿ ಏರಿತು. ಹದಿನೈದು ದಿನ ಓಣಿಯವರೆಲ್ಲಾ ಬಂದು ನೋಡಿ ಹೋದ್ರು. ಸೋಮವಾರ ಬರತೇನಂತ ಅತ್ತಿ ಸಂತಿಗೆ ಬಂದವರ ಕೈಯಾಗ ಹೇಳಿ ಕಳಿಸಿದ್ರು. ಅದಕ್ಕಿಂತ ಮದ್ಲಿನ ಮಂಗಳವಾರ ಜಿಟಿಜಿಟಿ ಮಳಿ ಹಿಡೀತು.

ಶುಕ್ರವಾರ ಮಧ್ಯಾಹ್ನ ಕಸಾ ಹೊಡಿಯೂಮುಂದ ನೋಡತೇನಿ, ಆಕಿ ಹೊಟ್ಟಿ ಬಂದಿತ್ತು. ಮದ್ಲ ಗ್ವಾಡಿಗೆ ಅಂಟಿಕೊಂಡಿದ್ದ ಹೊಟ್ಟಿ ಈಗ ಮುಂದ ಬಂದು ದುಂಡಗ ಕುಂತಿತ್ತು. ಕಸಬರಿಗಿ ತುದಿಲೆ ಒತ್ತಿ ನೋಡಿದ್ನಿ. ಒಳಗ ಗಟ್ಟಿ ಏನೋ ಇತ್ತು. ಒತ್ತಿದ್ದು ಮೆಲ್ಲಕ ತಿರುಗಿ ಬಂತು. ಕಾಳು ನೆನೆದಿರಬೇಕಂತ ಬುದ್ಧಿ ಹೇಳಿತು. ಆದ್ರ ನಾ ಹಾಕಿದ್ದು ಒಂದು ಮುಷ್ಟಿ. ಇಲ್ಲಿದ್ದದ್ದು ಒಂದು ಕೊಡದಷ್ಟು. ಒಂದು ಮುಷ್ಟಿ ತಿಂದಾಕಿ ಉಳಿದದ್ದನ್ನ ಎಲ್ಲಿಂದ ತಿಂದ್ಲು?

ಶನಿವಾರ ಸಾಲಿ ಮುಂಜಾನೆದು. ನಮ್ಮನಿಯವರು ಬಂದು ಕುರ್ಚಿ ಮ್ಯಾಲ ಕುಂತ್ರು. ಕರೆಂಟ್ ಇರಲಿಲ್ಲ, ಪಡಸಾಲ್ಯಾಗ ಮೋಡದ ಬೂದಿ ಬೆಳಕು. ಟಪ್ ಅಂತ ಸಪ್ಪಳ ಆತು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಪ್. ಹೊಟ್ಟಿ ಸುತ್ತಲಿನ ಹೊಲಿಗಿ ಹರಿಯಾಕ ಹತ್ತಿದ್ವು. ಭಾರಕ್ಕ ಅರಬಿ ಜಗ್ಗಿ ಆಕಿ ಮಾರಿ ಬಗ್ಗಿತ್ತು. ಮದ್ಲ ಬಾಗಲದ ಕಡೆ ನೋಡತಿದ್ದ ಗುಂಡಿ ಕಣ್ಣು ಈಗ ನೆಟ್ಟಗ ಕುರ್ಚಿ ಕಡೆ ನೋಡತಿದ್ವು. ನಮ್ಮನಿಯವರು ಎದ್ದು ಕುರ್ಚಿ ಎತ್ತಿ ಆ ಕಡೆ ಇಟ್ಟುಕೊಂಡ್ರು. ಸಂಜಿಗೆ ಮತ್ತೊಂದು ಹೊಲಿಗಿ ಹರೀತು. ಒಂದು ಕಣ್ಣು ಕುರ್ಚಿ ಹಳೀ ಜಾಗಾದ ಮ್ಯಾಲ ಉಳೀತು, ಇನ್ನೊಂದು ಹೊಸಾ ಜಾಗಾದ ಮ್ಯಾಲ ಬಂತು.

ನೀಲವ್ವಾಯಿ ಬಂದು ಹೊಟ್ಟಿ ನೋಡಿ ಬೆರಳ ಮ್ಯಾಲ ತಿಂಗಳು ಎಣಿಸಿದ್ಲು. ನಾ ಬಿಚ್ಚಿ ನೋಡೂಣಂತ ಕತ್ತರಿ ತಂದ್ರ ಕೈ ಹಿಡಿದ್ಲು. ಹೊಟ್ಟೀಲೆ ಇದ್ದಾಕಿಗೆ ಕತ್ತರಿ ಹಚ್ಚಬಾರದಂತ. ಕತ್ತರಿ ಪೆಟಿಗ್ಯಾಗ ಹೋತು.

ರವಿವಾರ ಆಕಿ ಬಾಯಾಗಿಂದ ಕೆಂಪು ನೀರು ಇಳಿಯಾಕ ಹತ್ತಿತು. ಹನಿಹನಿಯಾಗಿ ಗದ್ದದಿಂದ ಹೊಟ್ಟಿಗೆ, ಹೊಟ್ಟಿಯಿಂದ ನೆಲಕ್ಕ. ಪರಕಾರದ ಬಣ್ಣಾ ಬಿಡಾಕ ಹತ್ತೈತಿ ಅಂತ ನನಗ ಗೊತ್ತಿತ್ತು. ಗೊತ್ತಿದ್ರೂ ಒರಸಾಕ ಹತ್ತರ ಹೋಗಲಿಲ್ಲ. ಮಧ್ಯಾಹ್ನ ಎರಡಕ್ಕ ಧೈರ್ಯ ಮಾಡಿ ಅರಬಿ ಹಿಡಕೊಂಡು ಹೋದ್ನಿ. ತಲಿ ಎತ್ತಿ ಆಕಿ ಬಾಯಿ ನೋಡಿದ್ನಿ. ಆಕಿಗೆ ಹಲ್ಲು ಬಂದಿದ್ವು. ಬೆಳ್ಳಗ, ಸಣ್ಣಗ, ಐದಾರು ಹಲ್ಲು ಕೆಂಪು ತುಟಿ ಸಂದಿನಾಗಿಂದ ಹೊರಗ ಬಾಗಿದ್ವು. ನಾ ಚೀರಿದ್ನೋ ಇಲ್ಲೋ ನನಗ ನೆನಪಿಲ್ಲ. ಓಣಿಯವರಿಗೆ ನೆನಪೈತಿ.

ಇದಕ್ಕ ಕಾರಣ ಆರ್ದ್ರತೆ ಅಂತ ನಮ್ಮನಿಯವರು ಅಂಗಳದಾಗ ನಿಂತು ಹೇಳಿದ್ರು. ಹಂಗಾರ ಒಳಗ ಬಂದು ಇಳಸ್ರಿ ಅಂದ್ನಿ. ಅವರಿಗೆ ಒಮ್ಮೆಲೇ ಪರೀಕ್ಷಾ ಪೇಪರ್ ತಿದ್ದೂದು ನೆನಪಾತು, ಅದೂ ಗೆಳ್ಯಾರ ಮನ್ಯಾಗ. ಕಡೀಕ ನಾನಽ ಬಾಗಲದಾಗ ನಿಂತು, ಉದ್ದನ ಬಡಿಗಿಲೆ ಒಂದು ಬಿಳೀ ಚಾದರ ಎತ್ತಿ ಆಕಿ ಮ್ಯಾಲ ಹೊಚ್ಚಿದ್ನಿ. ಅದು ಇನ್ನೂ ಕೆಟ್ಟಾತು. ಈಗ ಪಡಸಾಲ್ಯಾಗ ಬಿಳೀ ಚಾದರ ಹೊದ್ದು, ಹೊಟ್ಟಿ ಮುಂದ ಮಾಡಿಕೊಂಡು ಒಬ್ಬಾಕಿ ಕುಂತಿದ್ಲು, ಗಾಳಿ ಬಿಟ್ಟಾಗೊಮ್ಮೆ ಉಸರು ಹಾಕತಿದ್ಲು. ಅದಽ ಬಡಿಗಿಲೆ ಚಾದರ ತಗದ್ನಿ. ಅವತ್ತು ಅಡಗಿ ಮನಿ ಬಾಗಲಾ ಮುಚ್ಚಿಕೊಂಡು ಉಂಡ್ವಿ. ಆಕಿ ನನ್ನ ತಿಂದ್ರೂ ಅಡ್ಡಿ ಇಲ್ಲ, ಅತ್ತಿ ಬರೂಕಿಂತ ಮದ್ಲ ತಿಂದುಬಿಡಲಿ ಅನಸಿತ್ತು ನನಗ.

ಸೋಮವಾರ ಒಂಬತ್ತರ ಬಸ್ಸಿಗೆ ಅತ್ತಿ ಇಳದ್ರು. ಕಾಲು ತೊಳಕೊಂಡ್ರು. ಬಳಿ ತೋರಣಾ ನೋಡಿದ್ರು, ಎಣ್ಣಿ ಡಬ್ಬಿ ತುಳಸಿ ನೋಡಿದ್ರು. ಪಡಸಾಲಿಗೆ ಬಂದು ಕೌದಿ ಮುಂದ ನಿಂತ್ರು. ನಾನು, ನಮ್ಮನಿಯವರು, ನೀಲವ್ವಾಯಿ ಮೂರೂ ಮಂದಿ ಬಾಗಲದಾಗ. ಅತ್ತಿ ಹತ್ತರ ಹೋಗಿ ಮೂಸಿ ನೋಡಿದ್ರು. ಹೆಬ್ಬಟ್ಟಿನಿಂದ ಅಂಚಿನ ಹೊಲಿಗಿ ಮ್ಯಾಲ ಸವರಿಕೊಂಡು ಹೋದ್ರು.

"ಕತ್ತರಿ ಕೊಡು, ಕಾಳು ಕೇರೂ ಮರಾ ತಾ," ಅಂದ್ರು.

ನೀಲವ್ವಾಯಿ ಬ್ಯಾಡ್ರಿ ಅನ್ನೂದ್ರಾಗ ಅತ್ತಿ ಕೌದ್ಯಾಗಿನ ಹೆಣ್ಣಿನ ಬಾಯಿ ಬಿಚ್ಚಿ, ಕೌದಿ ಇಳಿಸಿ, ಮರದಾಗ ಬೋರಲ ಹಾಕಿ ಝಾಡಿಸಿದ್ರು. ಮರಾ ತುಂಬಿ ಚೆಲ್ಲುವಷ್ಟು ಮೊಳಕಿ ಕಾಳು! ಉದ್ದುದ್ದ ಬಾಲ, ಕೆಲವು ಬೆಳ್ಳಗ, ಕೆಲವು ಕೆಂಪು, ಕೆಲವು ಚಾದರದ ನೀಲಿ.

"ಇದಕ್ಕ ಉಣಿಸಿದವರು ಯಾರು?" ಅತ್ತಿ ಕೇಳಿದ್ರು.

ಒಂದು ಮುಷ್ಟಿ ಮಡಕಿ ನಂದು ಅಂತ ನಾ ಒಪ್ಪಿಕೊಂಡ್ನಿ. ಆದ್ರ ಮರದಾಗ ಹೆಸರು ಕಾಳು ಇತ್ತು, ಕಡ್ಲಿ ಇತ್ತು. ನೀಲವ್ವಾಯಿ ತನ್ನ ಕಾಲ ಬೆರಳು ನೋಡಾಕ ಹತ್ತಿದ್ಲು. ದಿನಾ ಮುಂಜಾನೆ ನಾ ಚಾ ತರಾಕ ಒಳಗ ಹೋದಾಗ, ಪಾಪ ಹಸದೈತಿ ಅಂತ ಆಕಿ ಒಂದೊಂದು ಮುಷ್ಟಿ ಹೆಸರು ಕಾಳು ಹಾಕತಿದ್ಲಂತ. ಹಂಗಾರ ಕಡ್ಲಿ? ನಮ್ಮನಿಯವರು ಕೆಮ್ಮಿದ್ರು. ಸಾಲಿಗೆ ಹೋಗೂಕಿಂತ ಮದ್ಲ ದಿನಾ ಎರಡು ಮುಷ್ಟಿ, ಬರೇ ಪ್ರಯೋಗಕ್ಕ ಅಂದ್ರು.

"ಎಂಥಾ ಪ್ರಯೋಗ?" ಅಂತ ಅವ್ವ ಮಗನ ಮಾರಿ ನೋಡಿದ್ರು. ಗಿಳಿ ಯಾಕ ಹಾರಿದ್ವು ಅಂತ ಊಟಾ ಮುಗಿಯೂತನಕ ಹೇಳಿದ ಮಾಸ್ತರ ಈಗ ಅಂಗಿ ಗುಂಡಿ ತಿರುವಿಕೊಂತ ನಿಂತ್ರು.

ಅತ್ತಿ ನೆಲದ ಮ್ಯಾಲ ಕುಂತು ಕೌದಿ ತೊಡಿ ಮ್ಯಾಲ ಎಳಕೊಂಡ್ರು. ಒಂದು ಮೂಲಿಯಿಂದ ಹೊಲಿಗಿ ಬಿಚ್ಚಾಕ ಶುರು ಮಾಡಿದ್ರು. ದಾರಾ ಕಡ್ಡಿಗೆ ಸುತ್ತಿದ್ರು. ಹನ್ನೊಂದು ವರ್ಷದ ಹಿಂದ ಹೆಂಗೋ ಹಂಗಽ, ಮಾತಿಲ್ಲದಽ. ಮೂರು ತಿಂಗಳ ನನ್ನ ಬೆರಳು ನೋವು ಕಣ್ಣ ಮುಂದ ಸರಸರ ಬಿಚ್ಚಿಕೊಂಡು ಹೋಗತಿತ್ತು. ಒಂದು ಮಾತು ಬೈರಿ ಅತ್ತಿ, ಬೈದಾದ್ರೂ ಬೈರಿ ಅಂತ ಕೇಳಬೇಕನಸಿತು.

ಅರ್ಧ ಕೌದಿ ಬಿಚ್ಚಿದ ಮ್ಯಾಲ ಅತ್ತಿ ಕೈ ನಿಲ್ಲಿಸಿದ್ರು. ಮರದಾಗಿಂದ ಒಂದು ಕಾಳು ಎತ್ತಿ, ಕಿಡಕಿ ಬೆಳಕಿಗೆ ಹಿಡದು ತಿರುಗಿಸಿ ನೋಡಿದ್ರು. ಆಮ್ಯಾಲ ನನ್ನ ಕಡೆ ನೋಡಿದ್ರು.

"ಮಡಕಿ ಚಲೋ ಮೊಳಕಿ ಒಡದಾವ," ಅಂದ್ರು.

ಹನ್ನೊಂದು ವರ್ಷ ಕಾದ ಮಾತು. ನಾ ಮಾಡಿದ್ದೇನು, ಕದ್ದು ಒಂದು ಮುಷ್ಟಿ ಹಾಕಿದ್ದು, ಆಮ್ಯಾಲ ಮೂರು ದಿನ ಅಂಜಿ ಸತ್ತದ್ದು. ಉಳಿದ ದುಡಿತಾ ಪೂರಾ ಸೋರೂ ಗ್ವಾಡೀದು. ಆದ್ರೂ ನಾ ಸೆರಗು ಸರಿ ಮಾಡಿಕೊಂಡು, ಯಾರೂ ಬಾಯಿ ತಗಿಯೂಕಿಂತ ಮದ್ಲ, "ಹೌದ್ರಿ ಅತ್ತಿ, ಅದು ನನ್ನ ಕೈಕೆಲಸ," ಅಂದುಬಿಟ್ನಿ.