ಇನ್ನೂ ಹುಟ್ಟದ ಹಿರಿಯರು

ಚಾಂದ್‌ಖೇಡಾದಲ್ಲಿ ಒಂಟಿ ಹುಡುಗನಿಗೆ ಬಾಡಿಗೆ ಮನೆ ಬೇಕಾದರೆ ತೆರಬೇಕಾದ ಬೆಲೆ ಇಷ್ಟು: ಎರಡು ತಿಂಗಳ ಅಡ್ವಾನ್ಸು, ಮೊಟ್ಟೆ ಬೇಯಿಸುವುದಿಲ್ಲವೆಂಬ ಮಾತು, ವಸತಿ ಸೊಸೈಟಿಯ ಕಂಪ್ಯೂಟರ್ ಕೆಲಸ ಪುಕ್ಕಟೆ. ಭುವನ್ ಮೂರನ್ನೂ ತೆತ್ತಿದ್ದ. ಆದರೂ ಮದುವೆಯಾಗದವರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂಬುದನ್ನು ಈ ಭಾನುವಾರ ಮತಕ್ಕೆ ಹಾಕಿದರು. ಮನೆಗೊಂದು ಮತ. ಮತ ಹಾಕುವ ಆ್ಯಪ್ ಬರೆದವನೂ ಅವನೇ, ಗಲ್ಲಿಗೇರುವವನೇ ಹಗ್ಗ ಹೊಸೆದಂತೆ.

ಪಾರ್ಕಿಂಗ್‌ನಲ್ಲಿ ಎಲ್ಲರೂ ಸೇರಿದರು. ಕಾರ್ಯದರ್ಶಿ ಕಾಂತಿಭಾಯ್ ಮೊಬೈಲ್ ಒತ್ತಿದವರೇ ಬೆಚ್ಚಿದರು.

“ಭುವನ್, ಬೇಟಾ, ನನ್ನ ವಯಸ್ಸು ಮೈನಸ್ ಮೂವತ್ತೆರಡಂತೆ. ಹದಿನೆಂಟು ತುಂಬಿದ ಮೇಲೆ ಬಾ ಅಂತಿದೆ.”

“ಹಾಗಾದರೆ ನಾನು ಮದುವೆಯಾಗಿದ್ದು ಯಾರನ್ನ?” ಅಂದರು ಹೆಂಡತಿ ಜಶುಬೇನ್.

ರೈಲ್ವೆಯಿಂದ ನಿವೃತ್ತರಾಗಿ ಇಲ್ಲೇ ಮನೆ ಕೊಂಡಿದ್ದ ಹುಬ್ಬಳ್ಳಿಯ ಗಿರಿಜಮ್ಮನೂ ಕಂಗಾಲಾಗಿ ಬಂದರು. “ನಾನೂ ಇನ್ನಾ ಹುಟ್ಟೇ ಇಲ್ಲಂತ ನೋಡಪಾ. ನಿನ್ನೆ ನಿನಗ ರೊಟ್ಟಿ ಕೊಟ್ಟಾಕಿ ಯಾರು ಮತ್ತ?”

ತಪ್ಪು ಎಲ್ಲಿದೆಯೆಂದು ಭುವನ್‌ಗೆ ಹೊಳೆಯಿತು. ಹುಟ್ಟಿದ ಇಸವಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಅವನು ತುಂಬಿಸಿದ್ದ. ಅವನು ಬಳಸಿದ ಪ್ರೋಗ್ರಾಮಿಂಗ್ ಭಾಷೆಯಲ್ಲಿ 69ರಿಂದ ಮೇಲಿನದೆಲ್ಲ ಕಳೆದ ಶತಮಾನ, 68 ಮತ್ತು ಅದರ ಕೆಳಗಿನದೆಲ್ಲ ಈ ಶತಮಾನ. ಹೀಗಾಗಿ 58ರಲ್ಲಿ ಹುಟ್ಟಿದ ಕಾಂತಿಭಾಯ್ 2058ರಲ್ಲಿ ಹುಟ್ಟಲಿದ್ದರು. ತಿದ್ದಬೇಕಾದದ್ದು ಒಂದೇ ಸಾಲು, ಎರಡು ನಿಮಿಷದ ಕೆಲಸ.

ಅಷ್ಟರಲ್ಲಿ ತಲೆ ಬೇರೆ ಕಡೆ ಓಡಿತು. ಮೊಟ್ಟೆ ಬೇಡವೆಂದವರು ಈ ಹಿರಿಯರು. ಕಿರಿಯರಾದರೋ ಜೊತೆಗೆ ಕ್ರಿಕೆಟ್ ಆಡುವ ಗೆಳೆಯರು.

“ಸರಿ ಮಾಡೋಕೆ ಎರಡು ದಿನ ಬೇಕು, ಕಾಕಾ.”

“ಇಷ್ಟು ಜನರನ್ನ ಮತ್ತೆ ಸೇರಿಸೋರು ಯಾರು? ಹುಟ್ಟಿದವರು ಹಾಕಲಿ,” ಅಂದರು ಕಾಂತಿಭಾಯ್.

ಭುವನ್ ಫಲಿತಾಂಶ ತೆರೆದ. ಅವನ ಪರವಾಗಿ ಒಂದು ಮತವೂ ಬಿದ್ದಿರಲಿಲ್ಲ.

“ಈ ಹರೇದ ಗಂಡಸರ ಸಂಕಟ ನಿನಗ ಗೊತ್ತಿಲ್ಲೇನು?” ಅಂದರು ಗಿರಿಜಮ್ಮ. “ಭುವನ್ ತನ್ನ ಭಾಂಡೆ ತಾನ ತಿಕ್ಕತಾನ, ನಿಮಗೇನು ಧಾಡಿ ಅಂತ ಹೆಂಡ್ರು ದಿನಾ ಬೈತಾರ. ನಾವು ಮುದುಕರೆಲ್ಲಾ ನಿನ್ನ ಇಟ್ಕೋಬೇಕಂತ ಮಾತಾಡಿದ್ವಿ. ನೀ ಹೋದ್ರ ನಮ್ಮ ಮೊಬೈಲ್ ನೋಡಾವ್ರು ಯಾರು?”

“ಹೆಚ್ಚು ಮನೆಗಳು ನಮ್ಮವೇ ಇದ್ದವು,” ಅಂದರು ಕಾಂತಿಭಾಯ್ ಅವನ ಬೆನ್ನು ಸವರುತ್ತ. “ಏನು ಮಾಡೋದು ಬೇಟಾ, ಎರಡು ದಿನದ ಕೆಲಸ ಅಂದೆಯಲ್ಲ.”

ಎರಡೇ ನಿಮಿಷದ್ದೆಂದು ಭುವನ್ ಈಗ ಹೇಳುವ ಹಾಗಿರಲಿಲ್ಲ. ಎರಡು ದಿನ ಸುಮ್ಮನಿದ್ದು ಆ ಸಾಲು ತಿದ್ದಿದ. ಹಿರಿಯರೆಲ್ಲ ಹುಟ್ಟಿದರು. ಭುವನ್ ಮನೆ ಕಳೆದುಕೊಂಡ.